ಮಳೆ ಮೊದಲೋ, ಬ್ಯಾಕ್ಟೀರಿಯಾ ಮೊದಲೋ: ಕರಾವಳಿಯ ಮಣ್ಣು ಪಿರಿಡಿನ್ ಅನ್ನು ಹೇಗೆ ಜೀರ್ಣಿಸುತ್ತದೆ?

ಹಿರಿಯಡಕದಾಚೆ ನಮ್ಮ ದೊಡ್ಡಪ್ಪನ ಮನೆ. ತೋಟ ಮೇಲೆ, ಬಾವಿ ಕೆಳಗೆ. ಉಡುಪಿ ಕಡೆಯ ಅಡಿಕೆ ಮನೆಗಳಲ್ಲಿ ಇದೇನು ಹೊಸತಲ್ಲ, ಗುಡ್ಡದ ಇಳಿಜಾರು ಹೇಗಿದೆಯೋ ಹಾಗೆ ಮನೆ ಕಟ್ಟಿದವರು ನಾವು. ಜೂನ್‌ನ ಮೊದಲ ಮಳೆ ಬಿದ್ದ ವಾರ ಅಲ್ಲಿಗೆ ಹೋದಾಗ ಬೇರುಹುಳಕ್ಕೆಂದು ಅಡಿಕೆ ಮರಗಳ ಬುಡಕ್ಕೆ ಕ್ಲೋರ್‌ಪೈರಿಫಾಸ್ ಎಂಬ ಕೀಟನಾಶಕ ಕಲಸಿದ ನೀರು ಹೊಯ್ಯುತ್ತಿದ್ದರು. ನಾನು ಬಾವಿಯ ಮಾತು ತೆಗೆದೆ. "ಮಣ್ಣಿಗೆ ಬಿದ್ದದ್ದನ್ನು ಮಣ್ಣೇ ಜೀರ್ಣ ಮಾಡ್ತದೆ ಮಾರಾಯ. ಅದರೊಳಗೆ ಬ್ಯಾಕ್ಟೀರಿಯಾ ಉಂಟಲ್ಲ, ನೀನೇ ಹೇಳಿದ್ದು" ಎಂದರು ದೊಡ್ಡಪ್ಪ.

ನಾನು ಹೇಳಿದ್ದು ಹೌದು. ಆದರೆ ಅರ್ಧ ಹೇಳಿ ಬಿಟ್ಟಿದ್ದೆ. ಉಳಿದರ್ಧ ಹೇಳದೆ ಹೋದರೆ ಆ ಬಾವಿಯ ನೀರು ಕುಡಿಯುವ ಮಕ್ಕಳ ಮುಖ ನೋಡುವುದು ನನಗೆ ಕಷ್ಟ. ಅದಕ್ಕೇ ಇಷ್ಟು ಉದ್ದ ಬರೆಯುತ್ತಿದ್ದೇನೆ.

ವಿಷಯ ಈಗ ಎತ್ತುವುದಕ್ಕೆ ಇನ್ನೊಂದು ಕಾರಣವೂ ಇದೆ. 2025ರ ಮೇ ತಿಂಗಳಲ್ಲಿ ಸ್ಟಾಕ್‌ಹೋಮ್ ಒಪ್ಪಂದದ ದೇಶಗಳು ಕ್ಲೋರ್‌ಪೈರಿಫಾಸ್ ಅನ್ನು ಜಗತ್ತಿನಿಂದಲೇ ಕೈಬಿಡಬೇಕಾದ, ಸುಲಭವಾಗಿ ಒಡೆದುಹೋಗದ ವಿಷಗಳ ಪಟ್ಟಿಗೆ ಸೇರಿಸಿದವು. ಕೆಲವು ಬಳಕೆಗಳಿಗೆ ವಿನಾಯಿತಿ ಉಳಿಸಿಕೊಂಡೇ ಸೇರಿಸಿದ್ದು. ಭಾರತಕ್ಕೆ ಆ ತೀರ್ಮಾನ ತಾನಾಗಿ ಅನ್ವಯಿಸುವುದಿಲ್ಲ, ನಮ್ಮ ಸರಕಾರ ಪ್ರತ್ಯೇಕವಾಗಿ ಒಪ್ಪಬೇಕು. 2020ರಲ್ಲಿ ಕೇಂದ್ರ ಸರಕಾರ ನಿಷೇಧಿಸಲು ಹೊರಟಿದ್ದ 27 ಕೀಟನಾಶಕಗಳ ಕರಡು ಪಟ್ಟಿಯಲ್ಲೂ ಇದರ ಹೆಸರಿತ್ತು. ಎಂಡೋಸಲ್ಫಾನ್ ಕೊಕ್ಕಡದಲ್ಲಿ, ಕಾಸರಗೋಡಿನಲ್ಲಿ ಏನು ಮಾಡಿತೆಂದು ಕಂಡ ನಾಡು ನಮ್ಮದು. 'ಮಣ್ಣಿನಲ್ಲಿ ಅದು ಉಳಿಯುವುದಿಲ್ಲ' ಎಂಬ ಮಾತನ್ನು ನಾವು ಸುಮ್ಮನೆ ನಂಬಬಾರದು. ಸುಮ್ಮನೆ ತಳ್ಳಿಹಾಕುವುದೂ ಸರಿಯಲ್ಲ, ಯಾಕೆಂದರೆ ಅದರಲ್ಲಿ ನಿಜಾಂಶ ಇದೆ.

ಕ್ಲೋರ್‌ಪೈರಿಫಾಸ್, ರಸ ಹೀರುವ ಕೀಟಗಳಿಗೆ ಹೊಡೆಯುವ ಇಮಿಡಾಕ್ಲೊಪ್ರಿಡ್, ಹುಲ್ಲು ಒಣಗಿಸುವ ಪ್ಯಾರಾಕ್ವಾಟ್. ಮೂರೂ ಬೇರೆ ಬೇರೆ ಜಾತಿಯ ವಿಷಗಳು, ಕೊಲ್ಲುವ ಬಗೆಯೂ ಬೇರೆ ಬೇರೆ. ಆದರೆ ಮೂರರ ಒಡಲಿನಲ್ಲೂ ಒಂದೇ ಉಂಗುರವಿದೆ. ಅದರ ಹೆಸರು ಪಿರಿಡಿನ್.

ಬೆಂಜೀನ್ ಉಂಗುರವನ್ನು ಪಿಯುಸಿಯಲ್ಲಿ ಬರೆದವರಿಗೆ ಇದು ಕಷ್ಟವಲ್ಲ. ಆರು ಇಂಗಾಲದ ಉಂಗುರದಿಂದ ಒಂದು ಇಂಗಾಲ ಎದ್ದುಹೋಗಿ ಆ ಜಾಗದಲ್ಲಿ ಸಾರಜನಕ ಕೂತರೆ ಪಿರಿಡಿನ್ ಆಯಿತು. 19ನೇ ಶತಮಾನದ ನಡುವಿನಲ್ಲಿ ಸ್ಕಾಟ್ಲೆಂಡಿನ ಥಾಮಸ್ ಆಂಡರ್ಸನ್ ಪ್ರಾಣಿಗಳ ಮೂಳೆ ಕಾಯಿಸಿ ಇಳಿಸಿದ ಎಣ್ಣೆಯಲ್ಲಿ ಇದನ್ನು ಕಂಡುಹಿಡಿದ. ಬೆಂಕಿಯಿಂದ ಬಂದದ್ದೆಂದು ಗ್ರೀಕ್ ಭಾಷೆಯ ಬೆಂಕಿಯ ಪದವನ್ನೇ ಹೆಸರಿಗೆ ಹಾಕಿದ. ಬಾಟಲಿಯ ಮುಚ್ಚಳ ತೆಗೆದರೆ ಬಂದರಿನ ದಕ್ಕೆಯಲ್ಲಿ ಉಳಿದುಹೋದ ಹಳೆ ಮೀನಿನ ವಾಸನೆ.

ಆ ಒಂದು ಸಾರಜನಕದಿಂದ ಎರಡು ಪರಿಣಾಮಗಳಿವೆ. ಬೆಂಜೀನ್ ನೀರಿನಲ್ಲಿ ಕರಗುವುದು ತೀರಾ ಸ್ವಲ್ಪ, ಪಿರಿಡಿನ್ ಎಷ್ಟು ಬೇಕಾದರೂ ಬೆರೆಯುತ್ತದೆ. ಹಾಗಾಗಿ ಅದು ಮಣ್ಣಿನಲ್ಲಿ ನೀರಿನ ಜತೆ ನಡೆಯಬಲ್ಲದು. ಎರಡನೆಯದು, ಸಾರಜನಕವು ಉಂಗುರದ ಇಲೆಕ್ಟ್ರಾನುಗಳನ್ನು ತನ್ನ ಕಡೆಗೆ ಎಳೆದುಕೊಳ್ಳುತ್ತದೆ. ಬೆಂಜೀನ್ ತಿನ್ನುವ ಬ್ಯಾಕ್ಟೀರಿಯಾ ಗಾಳಿಯ ಆಮ್ಲಜನಕವನ್ನು ಉಂಗುರಕ್ಕೆ ನೇರ ಹಚ್ಚಿ ಒಡೆಯುತ್ತದಲ್ಲ, ಆ ಉಪಾಯಕ್ಕೆ ಇಲೆಕ್ಟ್ರಾನು ತುಂಬಿದ ಉಂಗುರ ಬೇಕು. ಇಲೆಕ್ಟ್ರಾನು ಬಡವಾದ ಪಿರಿಡಿನ್ ಹತ್ತಿರ ಅದು ಸುಲಭವಾಗಿ ನಡೆಯುವುದಿಲ್ಲ. ಬೇರೆ ದಾರಿ ಬೇಕು.

ಆ ದಾರಿ ಇದೆ, ಅದೂ ತುಂಬ ಹಳೆಯದು. ಯಾಕೆಂದರೆ ಪಿರಿಡಿನ್ ಕಾರ್ಖಾನೆಯಲ್ಲಿ ಹುಟ್ಟಿದ ವಸ್ತುವಲ್ಲ. ನಮ್ಮ ಮೈಯ ಪ್ರತಿ ಜೀವಕೋಶಕ್ಕೂ ಬೇಕಾದ ನಯಾಸಿನ್, ಅಂದರೆ ನಿಕೊಟಿನಿಕ್ ಆಮ್ಲ, ಒಂದು ಪಿರಿಡಿನ್. ಬಿ6 ಜೀವಸತ್ವವೂ ಹಾಗೆಯೇ. ತಂಬಾಕಿನ ನಿಕೊಟಿನ್‌ನಲ್ಲೂ ಈ ಉಂಗುರವಿದೆ. ಕಾಫಿ ಬೀಜದಲ್ಲಿ ಟ್ರಿಗೊನೆಲಿನ್ ಎಂಬ ರೂಪದಲ್ಲಿದೆ. ಹುರಿಯುವಾಗ ಅದರಲ್ಲಿ ಒಂದಿಷ್ಟು ನಯಾಸಿನ್ ಆಗುತ್ತದೆ, ಒಂದಿಷ್ಟು ಪಿರಿಡಿನ್ ಆಗಿ ಹೊಗೆಯ ಜತೆ ಏಳುತ್ತದೆ. ಕಾರ್‌ಸ್ಟ್ರೀಟಿನ ಹೊಟೇಲುಗಳ ಕಾಫಿಯ ಪರಿಮಳಕ್ಕೂ ಇದರ ಪಾಲು ಸೇರಿದೆ. ಅಡಿಕೆಯ ಅರೆಕೋಲಿನ್ ಕೂಡ ಇದೇ ಕುಲದ್ದು, ನಿಕೊಟಿನಿಕ್ ಆಮ್ಲದ ಉಂಗುರಕ್ಕೆ ನಾಲ್ಕು ಜಲಜನಕ ಸೇರಿಸಿದ ರೂಪದಿಂದ ಬಂದದ್ದು. ತೋಟದ ಅಂಚಿನ ನಾಚಿಕೆಮುಳ್ಳಿನಲ್ಲಿ ಮಿಮೊಸಿನ್ ಎಂಬ ಇನ್ನೊಂದು ಬಂಧು ಇದೆ.

ನನಗೆ ಎಲ್ಲಕ್ಕಿಂತ ಹಿಡಿಸುವ ಉದಾಹರಣೆ ಮಣ್ಣೊಳಗಿನದು. ಮೇ ತಿಂಗಳ ಬಿಸಿಲಿಗೆ ಬೆಟ್ಟು ಗದ್ದೆ ಬಿರಿದಾಗ ಬ್ಯಾಸಿಲಸ್ ಜಾತಿಯ ಬ್ಯಾಕ್ಟೀರಿಯಾ ಬೀಜಕಗಳಾಗಿ ಮುದುಡಿ ಮಲಗುತ್ತವೆ. ಕುದಿಯುವ ನೀರಿನ ಶಾಖವನ್ನೂ ತಡೆಯಬಲ್ಲ ಬೀಜಕಗಳು ಅವು. ಅವುಗಳ ಒಣತೂಕದ ಶೇ. 5ರಿಂದ 15ರಷ್ಟು ಡೈಪಿಕೊಲಿನಿಕ್ ಆಮ್ಲ. ಅದೂ ಪಿರಿಡಿನ್ ಉಂಗುರವೇ. ಬ್ಯಾಕ್ಟೀರಿಯಾ ತನ್ನ ಜೀವ ಉಳಿಸಿಕೊಳ್ಳಲು ತಾನೇ ಕಟ್ಟಿಕೊಳ್ಳುವ ಉಂಗುರ ಅದು. ಮಳೆ ಬಿದ್ದೊಡನೆ ಬೀಜಕ ಒಡೆದು ಆ ಆಮ್ಲ ಮಣ್ಣಿಗೆ ಬರುತ್ತದೆ. ವರ್ಷವರ್ಷವೂ, ಮನುಷ್ಯ ಈ ಕರಾವಳಿಗೆ ಕಾಲಿಡುವ ಎಷ್ಟೋ ಮೊದಲಿನಿಂದಲೂ, ಪಿರಿಡಿನ್ ನಮ್ಮ ಮಣ್ಣಿಗೆ ಬೀಳುತ್ತ ಬಂದಿದೆ. ಒಡೆಯುವವರು ಇಲ್ಲದೆ ಹೋಗಿದ್ದರೆ ಇಷ್ಟು ಹೊತ್ತಿಗೆ ಅದು ರಾಶಿ ಬಿದ್ದಿರಬೇಕಿತ್ತು.

ಹಾಗಾದರೆ ಒಡೆಯುವ ಕ್ರಮ ಹೇಗೆ? ಹೆಚ್ಚು ಸ್ಪಷ್ಟವಾಗಿ ಗೊತ್ತಿರುವುದು ನಯಾಸಿನ್ ದಾರಿ. ಸ್ಯೂಡೊಮೊನಾಸ್ ಪ್ಯುಟಿಡಾ ಎಂಬ ಸಾಮಾನ್ಯ ಮಣ್ಣಿನ ಬ್ಯಾಕ್ಟೀರಿಯಾದಲ್ಲಿ ಈ ಕೆಲಸದ ಜೀನುಗಳ ಗುಂಪನ್ನು 2008ರಲ್ಲಿ ಪೂರ್ತಿಯಾಗಿ ಬಿಡಿಸಿ ತೋರಿಸಿದರು. ಮೊದಲ ಹೆಜ್ಜೆಯಲ್ಲಿ ಸಾರಜನಕದ ಪಕ್ಕದ ಇಂಗಾಲಕ್ಕೆ ಒಂದು ಹೈಡ್ರಾಕ್ಸಿಲ್, ಅಂದರೆ ಆಮ್ಲಜನಕ-ಜಲಜನಕದ ಜೋಡಿ, ಕೂರಿಸುತ್ತದೆ. ಸಾರಜನಕ ಇಲೆಕ್ಟ್ರಾನು ಎಳೆದುಕೊಂಡದ್ದರಿಂದ ಹಸಿದಿರುವ ಜಾಗ ಅದೇ, ನೀರಿನ ಕಣ ಬಂದು ಅಂಟಲು ಅನುಕೂಲ. ಈ ಬಗೆಯ ಕಿಣ್ವಗಳು ಆಮ್ಲಜನಕವನ್ನು ಗಾಳಿಯಿಂದಲ್ಲ, ನೀರಿನಿಂದ ತೆಗೆಯುತ್ತವೆ. ಅವುಗಳ ನಡುಮಧ್ಯೆ ಮಾಲಿಬ್ಡಿನಮ್ ಲೋಹ ಇರುತ್ತದೆ. ಈ ಲೋಹದ ಹೆಸರು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ. ಆಮೇಲೆ ಇನ್ನೊಂದು ಹೈಡ್ರಾಕ್ಸಿಲ್. ಎರಡು ಕೂತ ಮೇಲೆ ಉಂಗುರ ಸಡಿಲ, ಕಬ್ಬಿಣದ ಕಿಣ್ವವೊಂದು ಈಗ ಗಾಳಿಯ ಆಮ್ಲಜನಕ ಬಳಸಿ ಅದನ್ನು ಬಿಚ್ಚುತ್ತದೆ. ಉದ್ದಕ್ಕೆ ಬಿಚ್ಚಿಕೊಂಡ ಸರಪಳಿಯಿಂದ ಫಾರ್ಮಿಕ್ ಆಮ್ಲ, ಅಮೋನಿಯಾ ಕಳಚಿ ಬಿದ್ದು ಕೊನೆಗೆ ಉಳಿಯುವುದು ಫ್ಯೂಮರಿಕ್ ಆಮ್ಲ. ಅದು ನಮ್ಮ ಮೈಯಲ್ಲೂ ನಡೆಯುವ ಉಸಿರಾಟದ ಚಕ್ರದ ಒಂದು ಮಾಮೂಲಿ ತುಣುಕು. ಅಲ್ಲಿಗೆ ವಿಷಯ ಮುಗಿಯಿತು, ಬ್ಯಾಕ್ಟೀರಿಯಾಕ್ಕೆ ಅದು ಊಟ.

ಪಿರಿಡಿನ್‌ನಲ್ಲಿ ಐದು ಇಂಗಾಲಕ್ಕೆ ಒಂದು ಸಾರಜನಕ. ಬ್ಯಾಕ್ಟೀರಿಯಾದ ಮೈಯ ಪ್ರಮಾಣವೂ ಹೆಚ್ಚುಕಡಿಮೆ ಅಷ್ಟೇ. ಆದರೆ ತಿಂದ ಇಂಗಾಲದ ದೊಡ್ಡ ಪಾಲು ಉಸಿರಿನಲ್ಲಿ ಹೋಗುವುದರಿಂದ ಸಾರಜನಕ ಮಿಗುತ್ತದೆ, ಅಮೋನಿಯಾ ಆಗಿ ಮಣ್ಣಿಗೆ ಸೇರುತ್ತದೆ. ಗಿಡಕ್ಕೆ ಗೊಬ್ಬರ. ಪ್ರಯೋಗಶಾಲೆಯಲ್ಲಿ ಇಂಥ ಬ್ಯಾಕ್ಟೀರಿಯಾವನ್ನು ಹುಡುಕುವುದು ಹಸಿವಿನ ಉಪಾಯದಿಂದ. ಉಪ್ಪುಗಳನ್ನು ಬಿಟ್ಟರೆ ಬೇರೇನೂ ಇಲ್ಲದ ನೀರಿಗೆ ಪಿರಿಡಿನ್ ಮಾತ್ರ ಹಾಕಿ, ಒಂದು ಚಿಟಿಕೆ ಮಣ್ಣು ಉದುರಿಸಿ ಇಡುತ್ತಾರೆ. ಅದನ್ನು ತಿನ್ನಬಲ್ಲವರು ಮಾತ್ರ ಬದುಕುತ್ತಾರೆ. ಈ ದಾರಿಯಲ್ಲಿ ಸಿಕ್ಕವರಲ್ಲಿ ಆರ್ತ್ರೊಬ್ಯಾಕ್ಟರ್, ರೋಡೊಕಾಕಸ್, ನೊಕಾರ್ಡಿಯಾ, ಬ್ಯಾಸಿಲಸ್ ಇದ್ದಾರೆ. ಹೈಡ್ರಾಕ್ಸಿ ಪಿರಿಡಿನ್ ಕೊಟ್ಟು ಬೆಳೆಸಿದ ಕೆಲವು ಆರ್ತ್ರೊಬ್ಯಾಕ್ಟರ್, ರೋಡೊಕಾಕಸ್ ತಳಿಗಳು ತಟ್ಟೆಯನ್ನೆಲ್ಲ ನೀಲಿ ಮಾಡಿಬಿಡುತ್ತವೆ. ಕಣ್ಣಿಗೆ ಕಾಣದ ಕೆಲಸ ಕಣ್ಣಿಗೆ ಕಾಣುವ ಅಪರೂಪದ ಗಳಿಗೆ ಅದು. ಗಾಳಿಯಿಲ್ಲದ ಕೆಸರಿನಲ್ಲೂ ಈ ಕೆಲಸ ನಡೆಯುತ್ತದೆ. ಆಮ್ಲಜನಕದ ಬದಲು ನೈಟ್ರೇಟ್ ಬಳಸಿ ಪಿರಿಡಿನ್ ಒಡೆಯುವ ಅಜೊಆರ್ಕಸ್ ಇದೆ, ನಿಕೊಟಿನಿಕ್ ಆಮ್ಲವನ್ನು ಹುದುಗಿಸಿ ಬದುಕುವ ಬ್ಯಾಕ್ಟೀರಿಯಾ ನದಿಯ ಕೆಸರಿನಲ್ಲೇ ಸಿಕ್ಕಿತು. ಬೆಟ್ಟು, ಮಜಲು, ಬೈಲು ಎಂದು ನಾವು ಗದ್ದೆಗಳನ್ನು ನೀರಿನ ಲೆಕ್ಕದಲ್ಲಿ ವಿಂಗಡಿಸಿದ್ದೇವಲ್ಲ, ಬ್ಯಾಕ್ಟೀರಿಯಾದ ಲೋಕವೂ ಅದೇ ಲೆಕ್ಕದಲ್ಲಿ ವಿಂಗಡವಾಗಿದೆ.

ಇಲ್ಲಿಯವರೆಗೆ ದೊಡ್ಡಪ್ಪನ ಮಾತು ನಿಜ.

ತಡಮೆಗೆ ಅಡ್ಡಬಿದ್ದ ಮುಳ್ಳು

ತೋಟದ ಬೇಲಿಯಲ್ಲಿ ಮನುಷ್ಯರು ದಾಟಲು ತಡಮೆ ಇರುತ್ತದೆ. ಗೊತ್ತಿದ್ದವರಿಗೆ ದಾಟುವುದು ಸಲೀಸು. ಸಾರಜನಕದ ಪಕ್ಕದ ಆ ಇಂಗಾಲ ಬ್ಯಾಕ್ಟೀರಿಯಾಕ್ಕೆ ತಡಮೆ ಇದ್ದ ಹಾಗೆ. ಕೀಟನಾಶಕ ತಯಾರಿಸುವವರು ಸರಿಯಾಗಿ ಅಲ್ಲಿಗೇ ಕ್ಲೋರಿನ್ ತಂದು ಕೂರಿಸಿದ್ದಾರೆ. ಇಮಿಡಾಕ್ಲೊಪ್ರಿಡ್‌ನ ಉಂಗುರಕ್ಕೆ ಒಂದು ಕ್ಲೋರಿನ್. ಕ್ಲೋರ್‌ಪೈರಿಫಾಸ್‌ನ ಉಂಗುರಕ್ಕೆ ಮೂರು.

ಇಮಿಡಾಕ್ಲೊಪ್ರಿಡ್ ಮಣ್ಣಿನಲ್ಲಿ ಅರ್ಧಕ್ಕೆ ಇಳಿಯಲು 40 ದಿನ ಸಾಕಾದ ಮಣ್ಣೂ ಇದೆ, 900 ದಿನ ದಾಟಿದ ಮಣ್ಣೂ ಇದೆ. ಇಷ್ಟು ವ್ಯತ್ಯಾಸ ಇರುವಾಗ 'ಇಷ್ಟೇ ದಿನದಲ್ಲಿ ಕರಗುತ್ತದೆ' ಎಂಬ ಒಂದೇ ಅಂಕಿ ಹೇಳಿ ರೈತನನ್ನು ಸಮಾಧಾನ ಮಾಡುವುದು ತಪ್ಪು ಎಂದೇ ನನ್ನ ಅಭಿಪ್ರಾಯ. ಅದು ಒಡೆಯುತ್ತ ಹೋದಾಗ ಉಳಿದುಕೊಳ್ಳುವ ತುಂಡು 6-ಕ್ಲೋರೊನಿಕೊಟಿನಿಕ್ ಆಮ್ಲ. ಅಂದರೆ ತಡಮೆಯಲ್ಲಿ ಮುಳ್ಳು ಸಿಕ್ಕಿಕೊಂಡ ನಯಾಸಿನ್. 2012ರಲ್ಲಿ ಬ್ರಾಡಿರೈಜೋಬಿಯಂ ಕುಟುಂಬದ, ಅಂದರೆ ಅಲಸಂಡೆ ಬೇರಿನ ಗಂಟುಗಳಲ್ಲಿ ಇರುವ ಬ್ಯಾಕ್ಟೀರಿಯಾದ ನೆಂಟನಾದ, ಒಂದು ಮಣ್ಣಿನ ತಳಿ ಆ ಕ್ಲೋರಿನ್ ಅನ್ನು ಕಿತ್ತು ಹೈಡ್ರಾಕ್ಸಿಲ್ ಕೂರಿಸುವುದನ್ನು ವಿವರಿಸಿದರು. ಕ್ಲೋರಿನ್ ಹೋದ ಮೇಲೆ ಸಿಗುವುದು 6-ಹೈಡ್ರಾಕ್ಸಿ ನಿಕೊಟಿನಿಕ್ ಆಮ್ಲ. ಮೇಲೆ ಹೇಳಿದ ನಯಾಸಿನ್ ದಾರಿಯ ಮೊದಲ ನಿಲ್ದಾಣವೂ ಅದೇ! ಹೊಸ ವಿಷವನ್ನು ಹಳೆ ದಾರಿಗೆ ಹಚ್ಚಲು ಒಂದೇ ಒಂದು ಹೊಸ ಕಿಣ್ವ ಸಾಕಾಯಿತು. ಇದನ್ನು ಮೊದಲು ಓದಿದ ದಿನ ಮಣ್ಣಿನ ಬಗ್ಗೆ ನನಗೆ ಹುಟ್ಟಿದ ಗೌರವ ಇವತ್ತಿಗೂ ಕಡಿಮೆಯಾಗಿಲ್ಲ.

ಕ್ಲೋರ್‌ಪೈರಿಫಾಸ್‌ನದ್ದು ಹೆಚ್ಚು ಕಷ್ಟದ ಕಥೆ. ಮಣ್ಣಿಗೆ ಬಿದ್ದ ಮೇಲೆ ಅದು ಎರಡು ತುಂಡಾಗುತ್ತದೆ. ರಂಜಕದ ತುಂಡನ್ನು ತಿನ್ನುವವರು ಬಹಳ. ರಂಜಕದ ಕೀಟನಾಶಕಗಳನ್ನು ಹೀಗೆ ಕತ್ತರಿಸುವ ಬ್ಯಾಕ್ಟೀರಿಯಾವನ್ನು 1973ರಲ್ಲಿ ಫಿಲಿಪ್ಪೀನ್ಸ್‌ನ ಭತ್ತದ ಗದ್ದೆಯಿಂದ ಹೆಕ್ಕಿದವರಲ್ಲಿ ನಮ್ಮ ದೇಶದ ಎನ್. ಸೇತುನಾಥನ್ ಒಬ್ಬರು. ಇನ್ನೊಂದು ತುಂಡು ಮೂರು ಕ್ಲೋರಿನ್ ಹೊತ್ತ ಪಿರಿಡಿನ್ ಉಂಗುರ, ಹೆಸರು ಟ್ರೈಕ್ಲೋರೊಪಿರಿಡಿನಾಲ್, ಚುಟುಕಾಗಿ ಟಿಸಿಪಿ. ತೊಂದರೆಯೆಲ್ಲ ಇದರದ್ದು. ಕ್ಲೋರ್‌ಪೈರಿಫಾಸ್ ಲೀಟರ್ ನೀರಿನಲ್ಲಿ 1ರಿಂದ 2 ಮಿಲಿಗ್ರಾಂ ಕೂಡ ಸರಿಯಾಗಿ ಕರಗುವುದಿಲ್ಲ, ಮಣ್ಣಿನ ಸಾವಯವ ಅಂಶಕ್ಕೆ ಅಂಟಿಕೊಂಡು ಕೂರುತ್ತದೆ. ಟಿಸಿಪಿ ಅದಕ್ಕಿಂತ ಹತ್ತಾರು ಪಟ್ಟು ಹೆಚ್ಚು ಕರಗುತ್ತದೆ, ನೀರು ಹೋದಲ್ಲಿಗೆ ಹೋಗುತ್ತದೆ. ತಾಯಿ ತೋಟದಲ್ಲೇ ಇದ್ದು ಮಗು ಬಾವಿಗೆ ಇಳಿದ ಹಾಗೆ. ಸಾಲದ್ದಕ್ಕೆ ಟಿಸಿಪಿ ಬ್ಯಾಕ್ಟೀರಿಯಾಕ್ಕೂ ವಿಷ. ತನ್ನನ್ನು ತಿನ್ನಬೇಕಾದವರನ್ನೇ ಅದು ಕುಗ್ಗಿಸುತ್ತದೆ. ಕ್ಲೋರ್‌ಪೈರಿಫಾಸ್ ಮಾರುಕಟ್ಟೆಗೆ ಬಂದದ್ದು 1965ರಲ್ಲಿ. ಟಿಸಿಪಿಯನ್ನು ತಿಂದು ಬದುಕುವ ಸ್ಯೂಡೊಮೊನಾಸ್ ತಳಿಯೊಂದನ್ನು ಬೇರ್ಪಡಿಸಿ ವಿವರಿಸಿದ್ದು 1997ರಲ್ಲಿ. ನಡುವೆ ಮೂವತ್ತೆರಡು ವರ್ಷ.

ಪ್ಯಾರಾಕ್ವಾಟ್ ಬಗ್ಗೆ ಎರಡು ಮಾತು ಸಾಕು. ಎರಡು ಪಿರಿಡಿನ್ ಉಂಗುರ ಜೋಡಿಸಿದ, ಧನ ವಿದ್ಯುದಂಶದ ಕಣ ಅದು. ಜೇಡಿ ಮಣ್ಣಿನ ಪದರಗಳ ನಡುವೆ ಹೊಕ್ಕು ಬ್ಯಾಕ್ಟೀರಿಯಾಕ್ಕೆ ಸಿಗದಂತೆ ವರ್ಷಗಟ್ಟಲೆ ಕೂರುತ್ತದೆ. ಮಣ್ಣಿಗಿಂತ ಮನುಷ್ಯನಿಗೆ ಅದರ ಅಪಾಯ ದೊಡ್ಡದು, ಹೊಟ್ಟೆಗೆ ಹೋದರೆ ಮದ್ದಿಲ್ಲ. ಕೇರಳ 2011ರಲ್ಲೇ ಅದನ್ನು ನಿಷೇಧಿಸಿತು. ತಲಪಾಡಿಯ ಗಡಿ ದಾಟಿ ಈಚೆ ಬಂದರೆ ಆ ನಿಷೇಧ ಇಲ್ಲ.

ನಮ್ಮ ಮಣ್ಣು ಬೇರೆ ಮಣ್ಣಲ್ಲ, ಮುರ

ದೊಡ್ಡಪ್ಪನಿಗೆ ನಾನು ಹೇಳದೆ ಬಿಟ್ಟ ಅರ್ಧ ಇಲ್ಲಿಂದ ಶುರು.

ಬ್ಯಾಕ್ಟೀರಿಯಾ ಇದೆ ಎಂಬುದು ಒಂದು ಮಾತು. ನಮ್ಮ ತೋಟದ ಮಣ್ಣಿನಲ್ಲಿ, ನಮ್ಮ ಮಳೆಯ ಕೆಳಗೆ, ಬೇಕಾದ ಹೊತ್ತಿಗೆ ಅದು ಕೆಲಸ ಮುಗಿಸುತ್ತದೆ ಎಂಬುದು ಬೇರೆಯೇ ಮಾತು. 2003ರಲ್ಲಿ ಬ್ರಜೇಶ್ ಸಿಂಗ್ ಮತ್ತು ಸಂಗಡಿಗರು ಬ್ರಿಟನ್ನಿನ ಬೇರೆ ಬೇರೆ ಹುಳಿಯ ಮಣ್ಣುಗಳಿಗೆ ಕ್ಲೋರ್‌ಪೈರಿಫಾಸ್ ಹಾಕಿ ನೋಡಿದರು. ಪಿಎಚ್ 4.7ರಿಂದ 8.4ರವರೆಗಿನ ಮಣ್ಣುಗಳು (ಪಿಎಚ್ ಹುಳಿಯ ಅಳತೆ, ಅಂಕಿ ಕಡಿಮೆಯಾದಷ್ಟೂ ಹುಳಿ ಹೆಚ್ಚು). ಹುಳಿ ಮಣ್ಣಿನಲ್ಲಿ ವಿಷ ಒಡೆಯುವುದು ತುಂಬ ನಿಧಾನ, ಹುಳಿ ಕಡಿಮೆಯಾದ ಹಾಗೆ ವೇಗ ಏರುತ್ತ ಹೋಯಿತು. ಆಸ್ಟ್ರೇಲಿಯಾದ ಕಬ್ಬಿನ ಹೊಲಗಳಲ್ಲಿ ಇದರ ಇನ್ನೊಂದು ಮುಖ ಕಂಡಿದೆ. ಅಲ್ಲಿಯ ಬೇರುಹುಳಕ್ಕೆ ಹಾಕಿದ ಕ್ಲೋರ್‌ಪೈರಿಫಾಸ್ ಕೆಲವು ಹೊಲಗಳಲ್ಲಿ ಕೆಲಸವನ್ನೇ ಮಾಡಲಿಲ್ಲ. ಮಣ್ಣಿನ ಪಿಎಚ್ ಹೆಚ್ಚಿದ್ದಲ್ಲಿ, ಬ್ಯಾಕ್ಟೀರಿಯಾಕ್ಕೆ ಅಭ್ಯಾಸವಾದಲ್ಲಿ, ಹುಳಕ್ಕೆ ತಾಗುವ ಮೊದಲೇ ವಿಷ ಖಾಲಿ. ಅಲ್ಲಿಯ ರೈತರಿಗೆ ಅದು ನಷ್ಟ.

ನಮ್ಮ ಮುರಮಣ್ಣು, ಅಂದರೆ ಜಂಬಿಟ್ಟಿಗೆ ಮಣ್ಣು, ಹುಳಿ ಮಣ್ಣು. ವರ್ಷಕ್ಕೆ 4000 ಮಿಲಿಮೀಟರಿನ ಆಸುಪಾಸು ಮಳೆ ಸಾವಿರಾರು ವರ್ಷದಿಂದ ತೊಳೆದು ಸುಣ್ಣ, ಮೆಗ್ನೀಷಿಯಂ ಎಲ್ಲ ಹೋಗಿ ಕಬ್ಬಿಣ, ಅಲ್ಯುಮಿನಿಯಂ ಉಳಿದ ಮಣ್ಣು. ಅದರ ಕೆಂಪು ಬಣ್ಣವೇ ಆ ಕಬ್ಬಿಣದ್ದು. ಇಂಥ ಮಣ್ಣಿನಲ್ಲಿ ಮಾಲಿಬ್ಡಿನಮ್ ಕಬ್ಬಿಣದ ಕಣಗಳಿಗೆ ಬಿಗಿಯಾಗಿ ಅಂಟಿಕೊಳ್ಳುತ್ತದೆ, ಹುಳಿ ಹೆಚ್ಚಿದಷ್ಟೂ ಬಿಗಿ. ಪಿರಿಡಿನ್ ಉಂಗುರದ ಮೊದಲ ಬಾಗಿಲು ತೆರೆಯುವ ಕಿಣ್ವಕ್ಕೆ ಬೇಕಾದದ್ದು ಅದೇ ಲೋಹ. ಅಲಸಂಡೆ, ಉದ್ದಿನ ಬೇರಿನ ಗಂಟುಗಳು ಹುಳಿ ಮಣ್ಣಿನಲ್ಲಿ ಸೊರಗುವುದಕ್ಕೆ ಇರುವ ಕಾರಣಗಳಲ್ಲಿ ಇದೂ ಒಂದು. ಉಂಗುರ ಒಡೆಯುವವರಿಗೆ ಮಾತ್ರ ಬೇರೆ ನ್ಯಾಯ ಇರಲಾರದು.

ಅಡಿಕೆ ತೋಟಕ್ಕೆ ಇನ್ನೊಂದು ಭಾರವೂ ಇದೆ: ತಾಮ್ರ. ಕೊಳೆರೋಗದ ಬಗ್ಗೆ ಲೆಸ್ಲಿ ಕೋಲ್ಮನ್ ಮೈಸೂರು ಸಂಸ್ಥಾನದಲ್ಲಿ ಅಧ್ಯಯನ ಪ್ರಕಟಿಸಿದ್ದು 1910ರಲ್ಲಿ. ಅಲ್ಲಿಂದೀಚೆ ಬೋರ್ಡೋ ದ್ರಾವಣ ನಮ್ಮ ಅಡಿಕೆಯನ್ನು ಕಾಪಾಡುತ್ತ ಬಂದಿದೆ. 100 ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತು (ತಾಮ್ರದ ಉಪ್ಪು), ಒಂದು ಕಿಲೋ ಸುಣ್ಣ. ಮಳೆಗಾಲಕ್ಕೆ ಎರಡು ಸಲ, ಮಳೆ ಬಿಡದ ವರ್ಷ ಮೂರು ಸಲ. ಅದಿಲ್ಲದೆ ಅಡಿಕೆ ಬೆಳೆಯಿರಿ ಎಂದು ಹೇಳುವ ಧೈರ್ಯ ನನಗಿಲ್ಲ. ಆದರೆ ತಾಮ್ರ ಒಡೆಯುವ ವಸ್ತುವಲ್ಲ. ಗೊನೆಯಿಂದ ತೊಳೆದು ಇಳಿದದ್ದು ಮಣ್ಣಿನ ಮೇಲ್ಪದರದಲ್ಲೇ ಕೂರುತ್ತದೆ, ಅಜ್ಜನ ಕಾಲದ ತಾಮ್ರ ಮೊಮ್ಮಗನ ಕಾಲದ ತಾಮ್ರದ ಜತೆ ಸೇರುತ್ತದೆ. ಶಿಲೀಂಧ್ರವನ್ನು ಕೊಲ್ಲುವ ತಾಮ್ರ ಬ್ಯಾಕ್ಟೀರಿಯಾವನ್ನೂ ಬಿಡುವುದಿಲ್ಲ. ಮಣ್ಣು ಹುಳಿಯಾದಷ್ಟೂ ಅದರ ವಿಷ ಹರಿತ.

ಇನ್ನು ಮಳೆಯ ಲೆಕ್ಕ. ಬೇರುಹುಳಕ್ಕೆ ಮದ್ದು ಹೊಯ್ಯುವುದು ಮಳೆಗಾಲದ ಆರಂಭದಲ್ಲಿ ಒಮ್ಮೆ, ಮಳೆ ಇಳಿಯುವಾಗ ಇನ್ನೊಮ್ಮೆ. ಹುಳದ ಲೆಕ್ಕದಲ್ಲಿ ಅದು ಸರಿಯಾದ ಹೊತ್ತು. ನೀರಿನ ಲೆಕ್ಕದಲ್ಲಿ ಮೊದಲನೆಯದು ಕೆಟ್ಟ ಹೊತ್ತು. ಕ್ಲೋರ್‌ಪೈರಿಫಾಸ್ ಸಾಮಾನ್ಯ ಮಣ್ಣಿನಲ್ಲಿ ಅರ್ಧಕ್ಕೆ ಇಳಿಯಲು 60ರಿಂದ 120 ದಿನ. ಕರಾವಳಿಯಲ್ಲಿ ಜುಲೈ ಒಂದೇ ತಿಂಗಳಲ್ಲಿ 1000 ಮಿಲಿಮೀಟರ್ ಮಳೆ ಮಾಮೂಲು. ಬ್ಯಾಕ್ಟೀರಿಯಾ ಅರ್ಧ ಕೆಲಸ ಮುಗಿಸುವ ಹೊತ್ತಿಗೆ ಮಳೆಗಾಲದ ದೊಡ್ಡ ಪಾಲು ಕಳೆದಿರುತ್ತದೆ. ಒಣಗಿದ ಮಣ್ಣಿಗೆ ಮೊದಲ ಮಳೆ ಬಿದ್ದಾಗ ಬ್ಯಾಕ್ಟೀರಿಯಾ ಒಮ್ಮೆಗೇ ಎದ್ದು ಕೆಲಸಕ್ಕೆ ಹಿಡಿಯುತ್ತದೆ ನಿಜ. ಆದರೆ ಎರಡನೆಯ ವಾರಕ್ಕೆ ಇಳಿಜಾರಿನಲ್ಲಿ ಕೆನ್ನೀರು ಹರಿಯತೊಡಗುತ್ತದೆ. ಮಣ್ಣಿಗೆ ಅಂಟಿದ ವಿಷ ಆ ಮಣ್ಣಿನ ಜತೆಗೇ ತೋಡಿಗೆ, ಬಿಡಿಸಿಕೊಂಡ ಟಿಸಿಪಿ ನೀರಿನ ಜತೆ ಮುರಕಲ್ಲಿನ ತೂತುಗಳಲ್ಲಿ ಕೆಳಕ್ಕೆ. ಮೇ ತಿಂಗಳಲ್ಲಿ ತಳ ಕಾಣುತ್ತಿದ್ದ ಬಾವಿಯ ನೀರು ಜುಲೈಯಲ್ಲಿ ಬಗ್ಗಿದರೆ ಕೈಗೆ ಸಿಗುವಷ್ಟು ಮೇಲೆ ಬರುತ್ತದಲ್ಲ, ಆ ನೀರು ಬಂದದ್ದು ಇದೇ ದಾರಿಯಲ್ಲಿ. ಬ್ಯಾಕ್ಟೀರಿಯಾಕ್ಕೂ ಮಳೆಗೂ ನಡೆಯುವ ಓಟದಲ್ಲಿ ನಮ್ಮೂರಲ್ಲಿ ಮಳೆಗೆ ಬಲ ಹೆಚ್ಚು.

ಅಳೆಯದೆ ಇರುವುದು

ಇಷ್ಟು ಓದಿದ ಮೇಲೆ 'ಬಾವಿ ನೀರು ಪರೀಕ್ಷೆ ಮಾಡಿಸಿದ್ದೇವೆ, ಒಳ್ಳೆಯದು ಎಂದು ಬಂದಿದೆ' ಎಂದು ಯಾರಾದರೂ ಹೇಳಬಹುದು. ಮನೆಯ ಬಾವಿಗೆ ಮಾಡಿಸುವ ಮಾಮೂಲಿ ಪರೀಕ್ಷೆ ನೋಡುವುದು ಹುಳಿ, ಗಡಸುತನ, ಕಬ್ಬಿಣ, ಕೋಲಿಫಾರ್ಮ್ ಇವನ್ನು. ಕೀಟನಾಶಕ ನೋಡಿ ಎಂದು ಕೇಳಿ, ದುಡ್ಡು ಕೊಟ್ಟರೆ ಮಾತ್ರ ನೋಡುತ್ತಾರೆ. ಕೇಳಿದರೂ ಯಾವುದನ್ನು ನೋಡುತ್ತಾರೆ? ಕುಡಿಯುವ ನೀರಿನ ಭಾರತೀಯ ಮಾನಕ ಐಎಸ್ 10500ರ 2012ರ ಆವೃತ್ತಿಯಲ್ಲಿ ಕೀಟನಾಶಕಗಳ ಪಟ್ಟಿ ಇದೆ. ಕ್ಲೋರ್‌ಪೈರಿಫಾಸ್ ಅದರಲ್ಲಿದೆ, ಮಿತಿ ಲೀಟರಿಗೆ 30 ಮೈಕ್ರೊಗ್ರಾಂ. ಯುರೋಪಿನಲ್ಲಿ ಯಾವುದೇ ಒಂದು ಕೀಟನಾಶಕಕ್ಕೆ ಮಿತಿ 0.1 ಮೈಕ್ರೊಗ್ರಾಂ, ನಮ್ಮದರ ಮುನ್ನೂರರಲ್ಲಿ ಒಂದು ಪಾಲು. ಇಮಿಡಾಕ್ಲೊಪ್ರಿಡ್ ನಮ್ಮ ಪಟ್ಟಿಯಲ್ಲಿಲ್ಲ. ಟಿಸಿಪಿ ಇಲ್ಲವೇ ಇಲ್ಲ.

ಇದು ಸಣ್ಣ ಕೊರತೆಯಲ್ಲ. ಮಣ್ಣಿಗೆ ಅಂಟಿಕೊಂಡು ಬಾವಿಗೆ ಬಾರದ ತಾಯಿಯನ್ನು ಬಾವಿಯಲ್ಲಿ ಹುಡುಕಿ, ಸಿಗಲಿಲ್ಲ, ನೀರು ಶುದ್ಧ ಎಂದರೆ ಪರೀಕ್ಷೆಗೆ ಅರ್ಥವಿಲ್ಲ. ಮನುಷ್ಯರ ಮೈಗೆ ಕ್ಲೋರ್‌ಪೈರಿಫಾಸ್ ಸೇರಿದೆಯೇ ಎಂದು ತಿಳಿಯಲು ಅಮೆರಿಕದ ಆರೋಗ್ಯ ಸಮೀಕ್ಷೆಗಳು ಮೂತ್ರದಲ್ಲಿ ಅಳೆಯುವುದು ಟಿಸಿಪಿಯನ್ನೇ. ಮೈಯೊಳಗೆ ಹುಡುಕುವಾಗ ಅದು ಗುರುತು, ಬಾವಿಯೊಳಗೆ ಮಾತ್ರ ಲೆಕ್ಕಕ್ಕಿಲ್ಲ! ಅಳೆಯುವ ವಿದ್ಯೆ ಅಪರೂಪದ್ದಲ್ಲ. ಕೊಣಾಜೆಯಲ್ಲಿ ವಿಶ್ವವಿದ್ಯಾಲಯ ಇದೆ, ಸುರತ್ಕಲ್‌ನಲ್ಲಿ ಎನ್‌ಐಟಿಕೆ ಇದೆ, ಮಣಿಪಾಲ ಇದೆ. ಮೂರೂ ಅಡಿಕೆ ತೋಟಗಳಿಂದ ಒಂದೆರಡು ಗಂಟೆಯ ದಾರಿ. ಮೇಯಲ್ಲಿ ಒಂದು, ಜುಲೈಯಲ್ಲಿ ಒಂದು, ಅಕ್ಟೋಬರಿನಲ್ಲಿ ಒಂದು ಎಂದು ತೋಟದ ಕೆಳಗಿನ ಬಾವಿಗಳ ನೀರು ತೆಗೆದು ನೋಡುವುದು ವಿದ್ಯಾರ್ಥಿಗಳ ಕೈಯಲ್ಲೇ ಆಗುವ ಕೆಲಸ. ಆ ಅಂಕಿಗಳು ಪಂಚಾಯತ್‌ನ ಗೋಡೆಯ ಮೇಲೆ ಅಂಟಬೇಕು.

ಡಬ್ಬಿಯ ಬ್ಯಾಕ್ಟೀರಿಯಾ

ಈಗ ಅಂಗಡಿಗಳಲ್ಲಿ 'ಮಣ್ಣಿನ ವಿಷ ತೆಗೆಯುವ ಸೂಕ್ಷ್ಮಾಣು' ಎಂದು ಡಬ್ಬಿ, ಪೊಟ್ಟಣ ಸಿಗುತ್ತವೆ. ಹಾಕಿದರೆ ಆಗಬಹುದಾ ಎಂದು ಪದೇ ಪದೇ ಕೇಳುತ್ತಾರೆ. ಇದಕ್ಕೆ ನಾನು ಯಾವಾಗಲೂ ಹೇಳುವುದು ಆಡಿನ ಕಥೆ.

ಸುಬಾಬುಲ್ ಸೊಪ್ಪಿನಲ್ಲೂ ಮಿಮೊಸಿನ್ ಇದೆ. ಅದನ್ನು ಮೇಯ್ದ ಆಸ್ಟ್ರೇಲಿಯಾದ ದನಗಳು ರೋಮ ಉದುರಿ, ಗಂಟಲ ಗ್ರಂಥಿ ಊದಿ ಸೊರಗುತ್ತಿದ್ದವು. ಹವಾಯಿಯ ಆಡುಗಳು ಅದೇ ಸೊಪ್ಪು ತಿಂದು ಸುಖವಾಗಿದ್ದವು. ಆಡಿನ ಹೊಟ್ಟೆಯಲ್ಲಿ ಆ ಪಿರಿಡಿನ್ ವಿಷವನ್ನು ಒಡೆಯುವ ಬ್ಯಾಕ್ಟೀರಿಯಾ ಇದೆ ಎಂದು ಊಹಿಸಿ ತೋರಿಸಿದವರು ರೇಮಂಡ್ ಜೋನ್ಸ್. ಹವಾಯಿಯಿಂದ ಹೊಟ್ಟೆಯ ದ್ರವ ತಂದು ಆಸ್ಟ್ರೇಲಿಯಾದ ದನಗಳಿಗೆ ಹಾಕಿದರು, ದನಗಳು ಚೇತರಿಸಿಕೊಂಡವು. 1992ರಲ್ಲಿ ಆ ಬ್ಯಾಕ್ಟೀರಿಯಾಕ್ಕೆ ಅವರದ್ದೇ ಹೆಸರು ಸೇರಿಸಿ ಸಿನರ್ಜಿಸ್ಟಿಸ್ ಜೋನ್ಸಿ ಎಂದು ಕರೆದರು.

ಅಲ್ಲಿ ಅದು ಗೆದ್ದದ್ದು ಯಾಕೆ? ದನದ ಹೊಟ್ಟೆ ಬೆಚ್ಚಗೆ, ಗಾಳಿಯಿಲ್ಲ, ದಿನವೂ ಸುಬಾಬುಲ್ ಬರುತ್ತಲೇ ಇರುತ್ತದೆ. ಬಂದ ಬ್ಯಾಕ್ಟೀರಿಯಾಕ್ಕೆ ತವರಿನಂಥದೇ ಮನೆ ಸಿಕ್ಕಿತು. ಡಬ್ಬಿಯಿಂದ ಮುರಮಣ್ಣಿಗೆ ಬಿದ್ದ ಬ್ಯಾಕ್ಟೀರಿಯಾಕ್ಕೆ ಅಂಥ ಮನೆ ಇಲ್ಲ. ಹುಳಿ, ತಾಮ್ರ, ಜುಲೈಯ ಪ್ರವಾಹ, ಮೊದಲೇ ಜಾಗ ಹಿಡಿದಿರುವ ಕೋಟ್ಯಂತರ ಇತರರು, ಬ್ಯಾಕ್ಟೀರಿಯಾವನ್ನೇ ತಿನ್ನುವ ಪ್ರೊಟೊಜೋವಾ. ಪ್ರಯೋಗಶಾಲೆಯ ಸೀಸೆಯಲ್ಲಿ ವಾರದೊಳಗೆ ವಿಷ ಮುಗಿಸಿದ ತಳಿ ತೋಟದಲ್ಲಿ ವಾರದೊಳಗೆ ತಾನೇ ಮುಗಿದುಹೋಗುವುದು ಸಾಮಾನ್ಯ. ಕಾರ್ಖಾನೆಯ ನೀರು ಶುದ್ಧಿ ಮಾಡುವ ತೊಟ್ಟಿಯಲ್ಲಿ ಇದೇ ಬ್ಯಾಕ್ಟೀರಿಯಾ ಚೆನ್ನಾಗಿ ದುಡಿಯುತ್ತದೆ, ಯಾಕೆಂದರೆ ಅಲ್ಲಿ ಪಿಎಚ್, ಗಾಳಿ, ಊಟ ಎಲ್ಲವನ್ನೂ ಯಾರೋ ನೋಡಿಕೊಳ್ಳುತ್ತಾರೆ. ತೋಟದಲ್ಲಿ ಹಾಗೆ ನೋಡಿಕೊಳ್ಳಲು ಸಾಧ್ಯವಾಗುವುದು ಇರುವವರನ್ನೇ.

ಹೇಗೆ ಎಂದರೆ, ಉತ್ತರ ಬಹುಪಾಲು ನಮ್ಮ ಹಿರಿಯರಿಗೆ ಗೊತ್ತಿದ್ದ ಕೆಲಸಗಳಲ್ಲೇ ಇದೆ. ಸುಣ್ಣ. ಅದು ಹುಳಿ ಇಳಿಸುತ್ತದೆ, ತಾಮ್ರದ ಹರಿತ ತಗ್ಗಿಸುತ್ತದೆ, ಮಾಲಿಬ್ಡಿನಮ್ ಅನ್ನು ಸಡಿಲಿಸುತ್ತದೆ. ಆದರೆ ಪೂರ್ತಿ ಹೇಳಬೇಕು: ಸುಣ್ಣ ಬಿದ್ದ ಮಣ್ಣಿನಲ್ಲಿ ಕ್ಲೋರ್‌ಪೈರಿಫಾಸ್ ಬೇಗ ತುಂಡಾಗುತ್ತದೆ, ಅಂದರೆ ಟಿಸಿಪಿಯೂ ಬೇಗ ಹುಟ್ಟುತ್ತದೆ. ಅದನ್ನು ಹಿಡಿದಿಡುವ ಸಾವಯವ ಅಂಶ ಇಲ್ಲದಿದ್ದರೆ ಬಾವಿಗೆ ದಾರಿ ಸಲೀಸು. ಹಾಗಾಗಿ ಸುಣ್ಣದ ಜತೆ ಹಟ್ಟಿಗೊಬ್ಬರ, ಸೊಪ್ಪು ಬೇಕೇ ಬೇಕು. ಸುಡುಮಣ್ಣಿನ ಕರಿ ಮತ್ತು ಬೂದಿಯೂ ಇಲ್ಲಿ ಉಪಯೋಗಕ್ಕೆ ಬರುತ್ತದೆ, ಕರಿ ಇಂಥ ವಸ್ತುಗಳನ್ನು ಹೀರಿ ಹಿಡಿಯುತ್ತದೆ, ಬೂದಿ ಹುಳಿ ಕಡಿಮೆ ಮಾಡುತ್ತದೆ.

ವಿಷದ ಪ್ರಮಾಣವನ್ನೇ ಇಳಿಸುವುದು ಇದಕ್ಕಿಂತಲೂ ಮುಖ್ಯ. ಮೊದಲ ಮಳೆಗಳ ನಂತರ ಮುಸ್ಸಂಜೆಗೆ ಬೇರುಹುಳದ ದುಂಬಿಗಳು ಮಣ್ಣಿನಿಂದ ಏಳುವಾಗ ಕೈಯಲ್ಲಿ ಹಿಡಿಯುವುದು ಊರೆಲ್ಲ ಒಟ್ಟಾದರೆ ಮಾತ್ರ ಫಲ ಕೊಡುವ ಕೆಲಸ. ಕಾಸರಗೋಡಿನ ತೋಟಗಾರಿಕಾ ಬೆಳೆಗಳ ಸಂಶೋಧನಾ ಸಂಸ್ಥೆ ಬೇರುಹುಳವನ್ನು ಕೊಲ್ಲುವ ಸಣ್ಣ ದುಂಡುಹುಳುಗಳನ್ನೂ (ನೆಮಟೋಡ್) ಶಿಫಾರಸು ಮಾಡಿದೆ. ಅವು ಬಾವಿಗೆ ಇಳಿದರೂ ಮನುಷ್ಯರಿಗೆ ಏನೂ ಮಾಡುವುದಿಲ್ಲ.

ದೊಡ್ಡಪ್ಪನ ಹತ್ತಿರ ಮೊನ್ನೆ ಮತ್ತೆ ಕೂತು ಇದನ್ನೆಲ್ಲ ಹೇಳಿದೆ. ತಾಮ್ರದ ಮಾತಿಗೆ ಅವರು ಸ್ವಲ್ಪ ಹೊತ್ತು ಸುಮ್ಮನಾದರು. ಆಮೇಲೆ ಬಾವಿಯ ಮೇಲ್ಗಡೆಯ ಎರಡು ಸಾಲು ಮರಗಳನ್ನು ಎಣಿಸಿದರು, ಇಪ್ಪತ್ತಾರು. "ಈ ಇಪ್ಪತ್ತಾರಕ್ಕೆ ಇನ್ನು ಹೊಯ್ಯುದಿಲ್ಲ. ದುಂಬಿ ಹಿಡಿಯಲಿಕ್ಕೆ ನೀನೂ ಬರಬೇಕು" ಎಂದರು. ಬಾವಿಯಿಂದ ಒಂದು ಸೀಸೆ ನೀರು ತುಂಬಿಸಿ ಮಂಗಳೂರಿಗೆ ತಂದಿದ್ದೇನೆ. ಪರೀಕ್ಷೆಗೆ ಕೊಡುವಾಗ ಅರ್ಜಿಯಲ್ಲಿ ಕ್ಲೋರ್‌ಪೈರಿಫಾಸ್‌ನ ಕೆಳಗೆ ಇನ್ನೊಂದು ಗೆರೆ ಎಳೆದು ಟಿಸಿಪಿ ಎಂದು ಬರೆದೆ. ಕೌಂಟರಿನಲ್ಲಿ ಕೂತ ಹುಡುಗಿ ಅದೇನೆಂದು ಕೇಳಿದಳು. ಕಾಗದದ ಹಿಂದೆ ಉಂಗುರ ಬರೆದು ತೋರಿಸಿದೆ, ಮೂರು ಕ್ಲೋರಿನ್ ಎಲ್ಲಿ ಕೂರುತ್ತವೆ ಎಂದು.